ಕಣ್ಗುಣ

ನಮ್ಮ ಮನೆ ಎದ್ದು ನಿಂತ ವಾರದಲ್ಲೇ ಹಾಡಿ ಖಾಲಿಯಾಯಿತು.

ಮನೆ ಎಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಜಗಲಿ, ಮೇಲೆ ಶೀಟು. ಆದರೂ ಅದನ್ನು ಕಟ್ಟುವುದಕ್ಕೆ ಮಳೆಗಾಲದಿಂದ ಡಿಸೆಂಬರಿನವರೆಗೆ ಹಿಡಿಯಿತು. ಕಾಡಿನ ಬಿದಿರು ಮುಟ್ಟಲು ಅರಣ್ಯ ಇಲಾಖೆಯವರು ಬಿಡುವುದಿಲ್ಲ. ಹಾಗಾಗಿ ಹಾಡಿಯ ಗಂಡಸರು ಲಂಟಾನದ ಕಡ್ಡಿ ತಂದು ತಡಿಕೆ ಹೆಣೆದುಕೊಟ್ಟರು. ಹೆಂಗಸರು ಹುತ್ತದ ಮಣ್ಣಿಗೆ ಹುಲ್ಲು ಸೇರಿಸಿ ಕಾಲಲ್ಲಿ ತುಳಿದರು. ನಾನೂ ಸೀರೆ ಎತ್ತಿ ಕಟ್ಟಿ ತುಳಿದೆ. ತಡಿಕೆಗೆ ಮಣ್ಣು ಮೆತ್ತುವಾಗ ಎರಡೂ ಕಡೆಯಿಂದ ಒಟ್ಟಿಗೇ ಮೆತ್ತಬೇಕು, ಒಂದೇ ಕಡೆ ಮೆತ್ತಿದರೆ ವಾಲುತ್ತದೆ. ನಾನು ಒಳಗಿನಿಂದ, ಆ ಹೆಂಗಸರು ಹೊರಗಿನಿಂದ. ಮೊದಲ ಸಲದ ಗೋಡೆ ಮಳೆಗೆ ಜಾರಿಬಿತ್ತು. ಎರಡನೆಯದು ಒಣಗುವ ಮೊದಲೇ ಆನೆಯೊಂದು ಬಂದು ಮೂಲೆಗೆ ಮೈ ಉಜ್ಜಿಕೊಂಡು ಹೋಯಿತು. ಮೂರನೆಯದು ನಿಂತಿತು. ಸಗಣಿ ಸಾರಿಸಿ, ಜಗಲಿಗೆ ಕ್ರಿಸ್ಮಸ್ ನಕ್ಷತ್ರ ತೂಗುಹಾಕಿದೆವು.

ನಾವು ಗದಗಿನ ಕಡೆಯವರು. ನನ್ನ ಗಂಡ ಕ್ರೈಸ್ತ ಸಭೆಯ ಸೇವಕರು, ನಾನು ನರ್ಸಿಂಗ್ ಕಲಿತವಳು, ಮಗಳಿಗೆ ಆಗ ಐದು ವರ್ಷ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ, ಬುಡಕಟ್ಟಿನವರ ಈ ಹಾಡಿಗೆ ನಮ್ಮ ಸಭೆಯವರು ಕಳಿಸಿದ್ದರು. ಬಂದು ವರ್ಷವಾಗುತ್ತಾ ಬಂದಿದ್ದರೂ ನಾವು ಯಾರಿಗೂ ದೀಕ್ಷಾಸ್ನಾನ ಕೊಟ್ಟಿರಲಿಲ್ಲ. ಗಂಡ ಸಂಜೆ ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಹಾಡಿಯವರಿಗೆ ಅವರು ಮೇಷ್ಟ್ರು. ನಾನು ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದೆ, ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ನಾನು ‘ಹೌದಲ್ರಿ’ ಎಂದಾಗಲೆಲ್ಲ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅವರು ಎಲ್ಲರನ್ನೂ ‘ನೀನು’ ಎನ್ನುತ್ತಾರೆ, ನನ್ನನ್ನೂ. ಅದು ನನಗೆ ಹಿಡಿಸಿತ್ತು. ಹಿಡಿಸದೇ ಇದ್ದದ್ದು ಅವರ ನಗು ನಿಂತ ಮೇಲೆ ಉಳಿಯುತ್ತಿದ್ದ ಮೌನ. ಅದರೊಳಗೆ ನಾನೊಬ್ಬಳೇ ಇರುತ್ತಿದ್ದೆ.

ಆ ದಿನಗಳಲ್ಲಿ ನನ್ನ ಮುಖ್ಯ ಕೆಲಸ ಒಬ್ಬ ಕ್ಷಯ ರೋಗಿಯದು. ನಮ್ಮ ಪಕ್ಕದ ಗುಡಿಸಲಿನ ಅಜ್ಜಿಯ ಸೊಸೆ, ಇಪ್ಪತ್ತರ ಆಸುಪಾಸಿನ ಹೆಣ್ಣು. ಆರು ತಿಂಗಳು ದಿನಾ ಮಾತ್ರೆ ನುಂಗಬೇಕು. ಶುರುವಿನಲ್ಲಿ ಆರೋಗ್ಯ ಕೇಂದ್ರದವರು ಮಾತ್ರೆಗಳನ್ನು ಅವಳ ಕೈಗೇ ಕೊಟ್ಟಿದ್ದರು. ಅವಳು ನುಂಗಿದಂತೆ ಮಾಡಿ ಬೇಲಿಯ ಬುಡಕ್ಕೆ ಉಗಿಯುತ್ತಿದ್ದಳು. ಆ ಮಾತ್ರೆ ತೆಗೆದುಕೊಂಡರೆ ಮೂತ್ರ ಕೆಂಪಗೆ ಹೋಗುತ್ತದೆ, ಅದು ಬರೀ ಔಷಧದ ಬಣ್ಣ. ಅವಳು ರಕ್ತವೆಂದು ಹೆದರಿದ್ದಳು. ವಿಷಯ ಗೊತ್ತಾದಾಗ ಮಾತ್ರೆಯ ಡಬ್ಬಿಯನ್ನು ನನ್ನ ಹತ್ತಿರವೇ ತಂದಿಟ್ಟುಕೊಂಡೆ. ದಿನಾ ಬೆಳಿಗ್ಗೆ ಬಂದು ನನ್ನೆದುರಿಗೇ ನುಂಗಬೇಕು ಎಂದು ಕಟ್ಟುಮಾಡಿದೆ.

“ನಾ ನೋಡಲಿಲ್ಲಂದ್ರ ಗುಣ ಆಗಂಗಿಲ್ಲ, ತಿಳೀತೇನು?” ಎಂದು ಜೋರಾಗಿಯೇ ಹೇಳಿದ್ದೆ. ನನ್ನ ಬಾಯಿ ಸ್ವಲ್ಪ ದೊಡ್ಡದು.

ಅಂದಿನಿಂದ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಗಂಜಿ ಕುಡಿದು ಬಂದು, ಮೊದಲು ನಾವಿದ್ದ ಗುಡಿಸಲಿನ ಬಾಗಿಲಲ್ಲಿ, ಮನೆ ಎದ್ದ ಮೇಲೆ ಜಗಲಿಯಲ್ಲಿ, ಕುಕ್ಕರಗಾಲಲ್ಲಿ ಕೂರುವಳು. ನಾನು ಲೋಟದಲ್ಲಿ ನೀರಿಟ್ಟು ಮಾತ್ರೆಗಳನ್ನು ಅಂಗೈಗೆ ಹಾಕುವೆ. ಒಂದೊಂದನ್ನೇ ಬಾಯಿಗಿಟ್ಟು, ನನ್ನ ಕಣ್ಣಿಗೆ ಕಣ್ಣಿಟ್ಟು, ರೆಪ್ಪೆ ಬಡಿಯದೆ ನುಂಗುವಳು. ಆಮೇಲೆ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸುವಳು. ಆ ನೋಟ ನನಗೆ ಮೊದಮೊದಲು ಉದ್ಧಟತನವೆನಿಸಿತು, ಆಮೇಲೆ ಅಭ್ಯಾಸವಾಯಿತು. ಎರಡು ತಿಂಗಳಲ್ಲಿ ಕೆಮ್ಮು ಇಳಿಯಿತು, ಕೆನ್ನೆ ತುಂಬಿತು. ಕಫದಲ್ಲಿ ಕ್ರಿಮಿ ಕಾಣುತ್ತಿಲ್ಲ, ಆದರೆ ಪೂರ್ತಿ ಮುಗಿಸಲೇಬೇಕು ಎಂದು ವೈದ್ಯರು ಹೇಳಿದರು.

ಡಿಸೆಂಬರಿನ ಒಂದು ಬೆಳಿಗ್ಗೆ ಅವಳು ಬರಲಿಲ್ಲ. ಹೊರಗೆ ಬಂದು ನೋಡಿದರೆ ಹಾಡಿಯಲ್ಲಿ ಹೊಗೆಯೇ ಇಲ್ಲ. ಒಂದು ಗುಡಿಸಲಿನಿಂದಲೂ ಮಾತು ಕೇಳಿಸುತ್ತಿಲ್ಲ. ಬಾಗಿಲುಗಳಿಗೆ ಮುಳ್ಳಿನ ಪಡಿ ಅಡ್ಡ ಇಟ್ಟಿದ್ದರು. ಅಜ್ಜಿ ಮಾತ್ರ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು.

“ಅಜ್ಜಿ, ಎಲ್ಲಾರೂ ಎತ್ತಾಗ ಹೋದ್ರು?”

“ಕೊಡುಗ್ಗೆ ಕಣವ್ವ. ಕಾಪಿ ಅಣ್ಣಾಯ್ತಲ್ಲ. ಬೆಳ್ಗೆ ಜೀಪ್ ಬಂದಿದ್ವು.”

“ಯಾವಾಗ ಬರ್ತಾರ?”

“ಕುಯ್ದಾದ್ಮೇಲೆ ಬತ್ತಾರೆ. ಉಗಾದಿ ಒತ್ಗೆ.”

“ನಮಗ ಯಾರೂ ಹೇಳಲೇ ಇಲ್ಲಲ್ಲ.”

ಅಜ್ಜಿ ನನ್ನ ಮುಖ ನೋಡಿದಳು. “ಒತ್ತು ಉಟ್ತದೆ ಅಂತ ಯಾರಾರ ಯೋಳ್ತಾರಾ?”

“ನಿನ್ನ ಸೊಸಿ? ಗುಳಿಗಿ ಬಿಟ್ಟು ಹೋದಳೇನು?”

“ಗುಳ್ಗೆ ನಿನ್ ತಾವೇ ಅದಲ್ಲ,” ಎಂದಳು ಅಜ್ಜಿ, ನಾನೇ ದಡ್ಡಿ ಎಂಬಂತೆ.

ಆ ಕ್ರಿಸ್ಮಸ್ಸಿಗೆ ಹೊಸ ಮನೆಯಲ್ಲಿ ಆರಾಧನೆ ನಡೆಯಿತು. ಗಂಡ ವಾರಗಟ್ಟಲೆ ತಯಾರಿ ಮಾಡಿದ್ದ ಪ್ರಸಂಗವನ್ನು ಒಂದು ಮಾತೂ ಬಿಡದೆ ಹೇಳಿದರು. ಕೇಳಿದವರು ನಾನು ಮತ್ತು ಮಗಳು. ಅರ್ಧಕ್ಕೇ ಮಗಳು ನಿದ್ದೆ ಹೋದಳು. ಆಮೇಲೆ ನಮ್ಮವರು ನನ್ನೊಬ್ಬಳಿಗೇ ಪ್ರಸಂಗ ಮಾಡಿದರು. ಮುಗಿದ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಅಡುಗೆಮನೆಗೆ ಹೋದೆವು. ನನಗೆ ಗದಗಿನ ದೇವಾಲಯದ ಗದ್ದಲ, ಅವ್ವ ಕರಿಯುವ ಕರ್ಚಿಕಾಯಿ, ಹತ್ತು ಜನ ಒಟ್ಟಿಗೆ ಮಾತಾಡುವ ಪಡಸಾಲೆ ನೆನಪಾಗಿ, ಒಲೆಯ ಹೊಗೆಯ ನೆಪದಲ್ಲಿ ಅತ್ತೆ. ಮಗಳು ದಿನವೂ ಖಾಲಿ ಗುಡಿಸಲುಗಳ ಮುಂದೆ ನಿಂತು ಗೆಳತಿಯರ ಹೆಸರು ಹಿಡಿದು ಕೂಗಿ ಬರುತ್ತಿದ್ದಳು.

ಅಷ್ಟರೊಳಗೆ ನಾನು ಆರೋಗ್ಯ ಕೇಂದ್ರಕ್ಕೆ ಹೋಗಿ ವೈದ್ಯರನ್ನು ಕಂಡಿದ್ದೆ. ಮಾತ್ರೆ ಬಿಟ್ಟು ಒಂದು ತಿಂಗಳು ದಾಟುವುದರೊಳಗೆ ಮತ್ತೆ ಶುರುಮಾಡಿದರೆ ಮುಂದುವರಿಸಬಹುದು, ದಾಟಿದರೆ ಮತ್ತೆ ಪರೀಕ್ಷೆ. ಅಷ್ಟರಲ್ಲಿ ರೋಗ ಔಷಧಕ್ಕೆ ಬಗ್ಗದಂತಾಗಿದ್ದರೆ ಅವಳನ್ನು ಉಳಿಸಿಕೊಳ್ಳುವುದು ಕಷ್ಟ ಎಂದು ಅವರು ಬಿಡಿಸಿ ಹೇಳಿದರು. ಯಾವ ತೋಟ ಎಂದು ಗೊತ್ತಾದರೆ ಚಿಕಿತ್ಸೆಯನ್ನು ಅಲ್ಲಿಗೇ ವರ್ಗ ಮಾಡಿಕೊಡುತ್ತೇನೆ ಎಂದರು. ಯಾವ ತೋಟ ಎಂಬುದೇ ನನಗೆ ಗೊತ್ತಿರಲಿಲ್ಲ. ಅಜ್ಜಿಗೆ ತೋಟದ ಹೆಸರು ಬಾರದು. “ತಿತಿಮತಿ ದಾಟ್ದ್ಮೇಲೆ ಇಳ್ಕೊ. ಗೇಟ್ ತಾವ ಸಿಡ್ಲೊಡ್ದಿರೋ ಸಿಲ್ವರ್ ಮರ ಅದೆ,” ಎಂದಳು.

ಗಂಡನಿಗೆ ಹೇಳಿದೆ. ಅವರು ತಲೆ ಮೇಲೆ ಕೈಯಿಟ್ಟುಕೊಂಡರು. ಹೊಸ ವರ್ಷದ ಮೊದಲ ವಾರ ಸಭೆಯ ಹಿರಿಯ ಪಾದ್ರಿಗಳು ಮನೆಯ ಪ್ರತಿಷ್ಠೆಗೆ ಬರುವವರಿದ್ದರು. ನಮ್ಮನ್ನು ಇಲ್ಲಿ ಮುಂದುವರಿಸಬೇಕೋ ಬೇಡವೋ ಎಂಬುದೂ ಅವರ ಕೈಯಲ್ಲೇ ಇತ್ತು.

“ಜನಾ ಇಲ್ಲ, ನೀನೂ ಇಲ್ಲಂದ್ರ ನಾ ಅವರಿಗೆ ಏನ್ ತೋರಸ್ಲಿ?” ಎಂದರು.

“ಗ್ವಾಡಿ ತೋರಸ್ರಿ,” ಎಂದೆ. ಆ ಮಾತಿನಿಂದ ಅವರಿಗೆ ನೋವಾಯಿತು. ಆದರೂ ಮರುದಿನ ಬೆಳಿಗ್ಗೆ ಬೈಕಿನಲ್ಲಿ ನಮ್ಮಿಬ್ಬರನ್ನೂ ಬಸ್ಸಿಗೆ ಬಿಟ್ಟುಬಂದರು. ಮಗಳನ್ನು ಬಿಟ್ಟುಹೋಗುವ ಮಾತೇ ಇರಲಿಲ್ಲ, ಗೆಳತಿಯರು ಸಿಗುತ್ತಾರೆಂದು ಅವಳೇ ಮೊದಲು ಚಪ್ಪಲಿ ಹಾಕಿಕೊಂಡು ನಿಂತಿದ್ದಳು.

ಹುಣಸೂರಿನಲ್ಲಿ ಗೋಣಿಕೊಪ್ಪದ ಬಸ್ಸು ಹತ್ತಿದೆವು. ಕಾಡು ದಾಟಿ ತಿತಿಮತಿಯಿಂದಾಚೆ ಇಳಿದು ನಡೆದೆವು. ಕೊಡಗಿನ ತೋಟಗಳಲ್ಲಿ ಸಿಲ್ವರ್ ಮರವಿಲ್ಲದ ಗೇಟೇ ಇಲ್ಲ, ಸಿಡಿಲು ಬಡಿದ ಮರಗಳಿಗೂ ಕೊರತೆಯಿಲ್ಲ. ಎರಡು ತೋಟಗಳಲ್ಲಿ ನಾಯಿ ಅಟ್ಟಿಸಿಕೊಂಡು ಬಂತು. ಮೂರನೆಯ ಕಡೆ ಗೇಟಿನೊಳಗೆ ಕಾಲಿಡುತ್ತಲೇ ಮಗಳು ಕೈ ಕೊಸರಿಕೊಂಡು ಓಡಿದಳು. ಅವಳ ಗೆಳತಿಯರು ಕಾಫಿ ಗಿಡಗಳ ಸಂದಿಯಲ್ಲಿ ಉದುರಿದ ಹಣ್ಣು ಆಯುತ್ತಿದ್ದರು.

ಅಜ್ಜಿಯ ಸೊಸೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಬಿಡಿಸುತ್ತಿದ್ದಳು. ಕೆಮ್ಮು ಮತ್ತೆ ಶುರುವಾಗಿತ್ತು. ದೂರದಿಂದಲೇ ಕೇಳಿಸಿತು.

“ಅಕ್ಕ, ನೀನ್ಯಾಕ್ ಬಂದೆ?”

“ಗುಳಿಗಿ ಯಾಕ ತರಲಿಲ್ಲ ನೀ?” ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದಿತ್ತು.

“ತಂದ್ ಏನ್ ಮಾಡದು? ನೀನ್ ನೋಡ್ದೆ ನುಂಗಿದ್ರೆ ವಾಸಿ ಆಗಾಕಿಲ್ಲ ಅಂದಿದ್ದೆಲ್ಲ.”

“ನಾನ ನೋಡಬೇಕಂತಲ್ಲ. ಯಾರರ ನೋಡಿದ್ರ ಆತು. ನಿನ್ನ ಗಂಡ ನೋಡ್ಲಿ.”

“ಅವ್ನ ಕಣ್ಣಲ್ಲೇನದೆ? ಕೆಲವ್ರ್ದು ಕೈಗುಣ ಇರ್ತದೆ. ನಿಂದು ಕಣ್ಗುಣ ಕಣಕ್ಕ. ಮೊದ್ಲು ಯಾರೂ ನೋಡ್ದೆ ಇದ್ದಾಗ ನಂಗೆ ಕೆಮ್ಮು ಓಯ್ತಾ? ನೀನ್ ನೋಡಕ್ ಸುರು ಮಾಡಿದ್ ಮೇಲೇ ಓಗಿದ್ದು. ನಾನೇ ಕಂಡಿವ್ನಿ.”

ಕೈಗುಣದ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ಕಣ್ಗುಣ ಅದೇ ಮೊದಲು. ಉಗಿಯುತ್ತಿದ್ದಾಗ ವಾಸಿಯಾಗಲಿಲ್ಲ, ನಾನು ನೋಡಿದಾಗ ವಾಸಿಯಾಯಿತು. ಅವಳು ಕಂಡದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅಲ್ಲೇ ಗಿಡದ ಬುಡದಲ್ಲಿ ಕೂರಿಸಿ, ಬಾಟಲಿಯ ನೀರು ಕೊಟ್ಟು, ಆ ದಿನದ ಮಾತ್ರೆ ನುಂಗಿಸಿದೆ. ಕಣ್ಣಿಗೆ ಕಣ್ಣಿಟ್ಟೇ ನುಂಗಿದಳು.

ಆರೋಗ್ಯ ಕೇಂದ್ರದ ವೈದ್ಯರಿಗೆ ಫೋನ್ ಮಾಡಿ ತೋಟದ ವಿಳಾಸ ಕೊಟ್ಟೆ. ಚಿಕಿತ್ಸೆ ಇಲ್ಲಿಗೆ ವರ್ಗವಾಯಿತು, ಇಲ್ಲಿನ ಆರೋಗ್ಯ ಕಾರ್ಯಕರ್ತೆಯೂ ಬಂದಳು. ಒಳ್ಳೆಯ ಹೆಂಗಸು. ಒಂದು ಬೆಳಿಗ್ಗೆ ಅವಳೇ ಎದುರು ಕೂತು ಮಾತ್ರೆ ಕೊಟ್ಟಳು, ನಾನು ಕೂಲಿಯವರ ಲೈನ್ ಮನೆಯ ಮೂಲೆಯಲ್ಲಿ ನಿಂತಿದ್ದೆ. ರೋಗಿ ನುಂಗಿದಂತೆ ಮಾಡಿ, ಬಾಯಿಯನ್ನೂ ತೋರಿಸಿ, ನೀರಿನ ತೊಟ್ಟಿಯ ಹಿಂದೆ ಹೋಗಿ ಉಗಿದಳು. ನಾನು ಹಾಡಿಗೆ ಮರಳಿ ವೀಡಿಯೊ ಫೋನಿನಲ್ಲಿ ನೋಡೋಣವೆಂದರೆ ಅಲ್ಲಿ ಸಿಗ್ನಲ್ಲೇ ಇಲ್ಲ. ಆಮೇಲೆ ನಾನು ಅವಳನ್ನು ಬೈದೆ, ಬೇಡಿಕೊಂಡೆ, ಔಷಧ ಹೇಗೆ ಕೆಲಸ ಮಾಡುತ್ತದೆಂದು ನೆಲದ ಮೇಲೆ ಗೀಟು ಎಳೆದು ತೋರಿಸಿದೆ. ಅವಳು ಎಲ್ಲ ಕೇಳಿಸಿಕೊಂಡು, “ಅಂಗಾರೆ ನೀನ್ ಇಲ್ಲೇ ಇರು,” ಎಂದಳು.

ತೋಟದ ಮೇಲ್ವಿಚಾರಕರನ್ನು ಅಲ್ಲಿ ರೈಟರ್ ಎನ್ನುತ್ತಾರೆ. ನಮ್ಮ ತೋಟದ ರೈಟರ್ ಕೇರಳದ ಕಡೆಯವರು, ನಯವಾದ ಮನುಷ್ಯ. ನಾನೂ ಮಗಳೂ ಲೈನಿನಲ್ಲಿ ಉಳಿದ ಎರಡು ರಾತ್ರಿ ಸುಮ್ಮನಿದ್ದರು, ಮೂರನೆಯ ದಿನ ಬಂದು ಕೆಮ್ಮಿದರು.

“ಸಿಸ್ಟರೇ, ಲೈನಲ್ಲಿ ಕೆಲಸ ಮಾಡುವವರಿಗೆ ಮಾತ್ರ ಜಾಗ. ಸಾವ್ಕಾರ್ರು ಕೇಳಿದರೆ ನಾನು ಎಂತ ಹೇಳುವುದು?”

“ಹಂಗಾದ್ರ ನನಗೂ ಒಂದು ಚೀಲ ಕೊಡ್ರಿ,” ಎಂದೆ. ಹೇಳಿದ ಮೇಲೆಯೇ ಹೇಳಿದ್ದೇನೆಂದು ನನಗೆ ಗೊತ್ತಾದದ್ದು.

ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಸಿಗ್ನಲ್ ಸಿಗುತ್ತಿತ್ತು. ಅತ್ತ ಗಂಡನೂ ಹಾಡಿಯಿಂದ ರಸ್ತೆಯವರೆಗೆ ನಡೆದು ಬಂದು ಫೋನ್ ಮಾಡಬೇಕಿತ್ತು. ಅವತ್ತು ಅವರು ಎಂದೂ ಇಲ್ಲದಷ್ಟು ಖಡಕ್ಕಾಗಿ ಮಾತಾಡಿದರು.

“ಅದು ತಪ್ಪು ನಂಬಿಕಿ. ನೀ ಅಲ್ಲೇ ಕುಂತಿ ಅಂದ್ರ ಅದನ್ನ ಒಪ್ಪಿದಂಗ ಆತು. ಗುಣ ಮಾಡಾಂವ ಯಾರು ಅಂತ ಹೇಳಾಕ ಬಂದೀವಿ ನಾವು. ನಿನ್ನ ಕಣ್ಣಾಗ ಗುಣ ಐತಿ ಅಂತ ಹೇಳಸ್ಕೊಳ್ಳಾಕಲ್ಲ.”

ಅವರು ಹೇಳಿದ್ದು ಸರಿ ಎಂದೇ ನನಗೂ ಅನ್ನಿಸಿತು. ದೇವರಿಗೆ ಸಲ್ಲಬೇಕಾದ ಹೆಸರನ್ನು ನಾನು ಕದ್ದು ಕಿಸೆಗೆ ಹಾಕಿಕೊಂಡಂತಾಗಿತ್ತು. ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಪ್ರಾರ್ಥನೆ ಮಾಡಿದೆ. ಕೆಳಗಿನ ಲೈನಿನಿಂದ ಅವಳ ಕೆಮ್ಮು ಮಾತ್ರ ಕೇಳಿಸುತ್ತಿತ್ತು. ಮತ್ತೆ ಫೋನ್ ಹಚ್ಚಿದೆ, ಅವರು ಇನ್ನೂ ರಸ್ತೆಯಲ್ಲೇ ಇದ್ದರು.

“ಮೊದ್ಲ ಆಕಿ ಉಳೀಲಿ. ಖರೇ ಯಾವುದಂತ ಆಮ್ಯಾಲ ನಾನ ಹೇಳ್ತೀನಿ,” ಎಂದೆ. ಗಂಡ ಫೋನ್ ಇಟ್ಟರು.

ಕಾಫಿ ಬಿಡಿಸುವುದು ನೋಡುವವರಿಗೆ ಸುಲಭ. ರೆಂಬೆಯನ್ನು ಎಡಗೈಯಲ್ಲಿ ಬಗ್ಗಿಸಿ ಹಿಡಿದು, ಬಲಗೈ ಬೆರಳುಗಳಿಂದ ಗೊಂಚಲನ್ನು ಸವರಿ ಚೀಲಕ್ಕೆ ಬೀಳಿಸಬೇಕು, ಮುಂದಿನ ವರ್ಷದ ಚಿಗುರು ಮುರಿಯಬಾರದು. ಎಲೆಯೊಳಗೆ ಕೆಂಪಿರುವೆ ಗೂಡು ಕಟ್ಟಿರುತ್ತವೆ. ಒಂದು ವಾರದಲ್ಲಿ ನನ್ನ ಕುತ್ತಿಗೆ ಊದಿತು, ಬೆರಳ ತುದಿ ಕಪ್ಪಾಯಿತು. ಸಂಜೆ ಮೂಟೆ ತೂಗುವಾಗ ನನ್ನದು ಮಕ್ಕಳ ಮೂಟೆಗಿಂತ ಸ್ವಲ್ಪ ಮೇಲು. ರೈಟರ್ ಪಾಪ, ಮುಖ ಆಚೆ ತಿರುಗಿಸಿ ಬರೆದುಕೊಳ್ಳುತ್ತಿದ್ದರು.

ಹಾಡಿಯ ಹೆಂಗಸರ ನಡುವೆ ಅಷ್ಟು ಜನರ ಜೊತೆಯಲ್ಲಿದ್ದರೆ ಒಂಟಿತನ ಹೋದೀತು ಎಂದುಕೊಂಡಿದ್ದೆ. ಹೋಗಲಿಲ್ಲ, ಹೆಚ್ಚಾಯಿತು. ಹಾಡಿಯಲ್ಲಿ ನಾನು ಪಟ್ಟಿ ಕಟ್ಟುವವಳು, ಅಲ್ಲಿ ನನಗೊಂದು ಜಾಗವಿತ್ತು. ಇಲ್ಲಿ ನಾನೇನೆಂದು ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಊಟಕ್ಕೆ ಕೂತಾಗ ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು, ಯಾರೋ ಸರಿದು ಜಾಗ ಬಿಡುತ್ತಿದ್ದರು, ಆ ಜಾಗ ಬೇಕಾದ್ದಕ್ಕಿಂತ ಅಗಲವಾಗಿರುತ್ತಿತ್ತು. ಮಗಳು ಮಾತ್ರ ಅವರಲ್ಲೇ ಒಬ್ಬಳಾದಳು. ಯಾರ ತಟ್ಟೆಯಲ್ಲೋ ಉಂಡು ಯಾರ ಕಂಬಳಿಯಲ್ಲೋ ಮಲಗುತ್ತಿದ್ದಳು. ಒಂದು ದಿನ ನಾನು ಅವಳನ್ನು “ಬಾರವ್ವಾ, ತಲಿ ಹಿಕ್ಕತೀನಿ” ಎಂದು ಕರೆದರೆ, ಗೆಳತಿಯರ ಮುಂದೆ ನಾಚಿಕೊಂಡು, “ಅಂಗನ್ಬ್ಯಾಡ ಕಣಮ್ಮ, ಎಲ್ರೂ ನಗ್ತಾರೆ,” ಎಂದಳು. ಬಾಚಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಬೆಳಿಗ್ಗೆ ಮಾತ್ರ ಬೇರೆ. ಕೆಲಸಕ್ಕೆ ಹೊರಡುವ ಮುಂಚೆ ಅಜ್ಜಿಯ ಸೊಸೆ ಬಂದು ನನ್ನೆದುರು ಕೂರುವಳು. ಮಾತ್ರೆ, ನೀರು, ಕಣ್ಣು. ಇಡೀ ದಿನದಲ್ಲಿ ನನ್ನನ್ನು ನೆಟ್ಟಗೆ ನೋಡುತ್ತಿದ್ದವಳು ಅವಳೊಬ್ಬಳೇ. ಔಷಧ ಅವಳಿಗೆ ಎಂದು ನಾನು ಹೋಗಿದ್ದೆ. ಅಷ್ಟು ಹೊತ್ತು ನನಗೂ ಉಸಿರಾಟ ಸಲೀಸಾಗುತ್ತಿತ್ತು ಎಂಬುದನ್ನು ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ.

ಹಿರಿಯ ಪಾದ್ರಿಗಳು ಬಂದುಹೋದ ಸಂಗತಿಯನ್ನು ಗಂಡ ಫೋನಿನಲ್ಲಿ ಹೇಳಿದರು. ದನಿಯಲ್ಲಿ ಸಿಟ್ಟು ಇಳಿದಿತ್ತು.

“ಅಜ್ಜಿ, ಒಂದು ನಾಯಿ, ನಾನು. ಅಷ್ಟ ಸಭಿ. ಹೆಂಡ್ತಿ ಎಲ್ಲಿ ಅಂದ್ರು. ಕಾಫಿ ಬಿಡಸಾಕ ಹೋಗ್ಯಾಳ್ರಿ ಅಂದೆ.”

“ಏನಂದ್ರು?”

“ಮನಿ ಸುತ್ತ ಒಂದು ಸುತ್ತು ಹಾಕಿದ್ರು. ಆಮ್ಯಾಲ ಗ್ವಾಡಿ ಛಲೋ ಐತಿ ಅಂದ್ರು.”

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವರು ‘ಮನೆಯಲ್ಲಿ ಒಬ್ಬನೇ ಇರುವುದು ಕಷ್ಟ, ಬೇಗ ಬಾ’ ಎನ್ನಲಿಲ್ಲ, ಮಾತ್ರೆ ಎಷ್ಟು ಉಳಿದಿವೆ ಎಂದು ಕೇಳಿದರು. ಅದಕ್ಕಾಗಿ ನಾನು ಅವರಿಗೆ ಇಂದಿಗೂ ಋಣಿ.

ಕೊಯ್ಲು ಮುಗಿದು ಜೀಪುಗಳಲ್ಲಿ ವಾಪಸ್ ಬಂದೆವು. ನಾನೂ ಮೂಟೆಗಳ ನಡುವೆ ಕೂತಿದ್ದೆ. ಪಿರಿಯಾಪಟ್ಟಣದ ಕಡೆಯ ಇನ್ನೊಂದು ಹಾಡಿಯವರನ್ನು ಇಳಿಸಿ, ಹುಣಸೂರು ಸುತ್ತಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ಗೋಡೆ ನಿಂತಿತ್ತು, ಜಗಲಿಯ ನಕ್ಷತ್ರ ಬಣ್ಣ ಕಳೆದುಕೊಂಡಿತ್ತು. ಗಂಡ ಸೊರಗಿದ್ದರು, ಮತ್ತು ಅಜ್ಜಿಯ ಹತ್ತಿರ ರಾಗಿ ಮುದ್ದೆ ತಿರುವುವುದನ್ನು ಕಲಿತಿದ್ದರು. ಇನ್ನೊಂದು ವರ್ಷ ಇದ್ದು ನೋಡಿ ಎಂದು ಹಿರಿಯರು ಆಮೇಲೆ ಹೇಳಿಕಳಿಸಿದರು.

ಉಳಿದ ಮಾತ್ರೆಗಳನ್ನು ನಮ್ಮ ಜಗಲಿಯಲ್ಲೇ ಮುಗಿಸಿದೆವು. ಕೊನೆಯ ವಾರದಲ್ಲಿ ಮುಂಜಾನೆಯ ಕಫವನ್ನು ಪರೀಕ್ಷೆಗೆ ಒಯ್ದುಕೊಟ್ಟೆ. ಕೊನೆಯ ಮಾತ್ರೆ ನುಂಗಿದ ದಿನವೇ ಫಲಿತಾಂಶ ಬಂತು. ವೈದ್ಯರು, “ಇನ್ನು ಮಾತ್ರೆ ಬೇಡ, ಗುಣವಾಗಿದೆ,” ಎಂದರು. ನಾನು ಅದನ್ನು ಎರಡು ಸಲ ಹೇಳಿಸಿಕೊಂಡೆ.

ಸಂಜೆ ಅವಳನ್ನು ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟೆ. ಗಂಡ ಒಳಗೇ ಇದ್ದರು, ಬೇಕೆಂದೇ ಹೊರಗೆ ಬರಲಿಲ್ಲ. ಕೊಟ್ಟ ಮಾತಿನಂತೆ ಹೇಳಿದೆ. “ನನ್ನ ಕಣ್ಣಾಗ ಏನೂ ಇಲ್ಲವ್ವಾ. ಗುಳಿಗಿಯಿಂದ ನಿನಗ ಗುಣ ಆಗೇತಿ. ನನ್ನ ನಂಬಿಕಿ ಕೇಳಿದ್ರ, ದೇವ್ರಿಂದ ಆಗೇತಿ. ನಾ ಬರೇ ನೋಡಿದಾಕಿ.”

ಎಷ್ಟೋ ದಿನ ಮನಸ್ಸಿನಲ್ಲಿ ಹೊಸೆದುಕೊಂಡಿದ್ದ ಮಾತದು. ಅವಳು ಚಹಾ ಊದಿ ಕುಡಿದಳು.

“ಯಾರಿಂದ್ಲಾದ್ರೂ ಆಗ್ಲಿ ಬುಡಕ್ಕ. ಕೆಮ್ಮು ಓಯ್ತಲ್ಲ,” ಎಂದು ಲೋಟ ತೊಳೆದಿಟ್ಟು, ಸೆರಗು ಕೊಡವಿಕೊಂಡು ಹೊರಟಳು.

ಮರುದಿನ ಎಂದಿನಂತೆ ಎದ್ದೆ. ಜಗಲಿ ಗುಡಿಸಿ, ಚಾಪೆ ಹಾಸಿ, ಲೋಟದಲ್ಲಿ ನೀರಿಟ್ಟು ಕೂತೆ. ಮಾತ್ರೆ ಮುಗಿದಿದೆ ಎಂಬುದು ಇಟ್ಟ ಮೇಲೆಯೇ ನೆನಪಾದದ್ದು. ಆದರೂ ಎದ್ದುಹೋಗಲು ಮನಸ್ಸಾಗಲಿಲ್ಲ. ಸ್ವಲ್ಪ ಹೊತ್ತಿಗೆ ಹೆಂಗಸರು ಸೌದೆಗೆ ಹೊರಟರು. ಅವಳು ಎಲ್ಲರಿಗಿಂತ ಮುಂದಿದ್ದಳು. ಹಿಂದಿನವಳು ಏನೋ ಅಂದದ್ದಕ್ಕೆ ತಲೆ ಹಿಂದಕ್ಕೆ ಹಾಕಿ ಜೋರಾಗಿ ನಕ್ಕಳು. ಅಷ್ಟು ನಕ್ಕರೂ ಕೆಮ್ಮು ಬರಲಿಲ್ಲ. ನಮ್ಮ ಮನೆಯನ್ನು ದಾಟಿ, ಈ ಕಡೆ ತಿರುಗದೆ, ಕಾಡಂಚಿನ ಆನೆ ಕಂದಕದ ದಾರಿ ಹಿಡಿದಳು.

ಅವಳು ಹಾಗೆ ಹೋಗಲೆಂದೇ ನಾನು ಅಷ್ಟೆಲ್ಲ ಮಾಡಿದ್ದು. ಅವರು ಮರೆಯಾಗುವವರೆಗೂ ನೋಡಿ, ಲೋಟದ ನೀರನ್ನು ನಾನೇ ಕುಡಿದು ಒಳಗೆ ಹೋದೆ.